ಲೆಕ್ಕ ಸರಿಯಿದೆ, ಮನಸ್ಸು ಒಪ್ಪುತ್ತಿಲ್ಲ

ಪ್ರಶ್ನೆ: ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ಪೌರತ್ವ ಸಿಕ್ಕ ಮೇಲೆ 2024ರಲ್ಲಿ ಮೊದಲ ಸಲ ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಹಾಕಿದೆ. ಆಫೀಸಿನಲ್ಲಿ, ನೆರೆಹೊರೆಯಲ್ಲಿ ಮಾತು ಬಂದಾಗಲೆಲ್ಲ ಹಣದುಬ್ಬರ ಇಳಿದಿದೆ, ಕೆಲಸಕ್ಕೆ ಕೊರತೆಯಿಲ್ಲ ಎಂದು ಸರ್ಕಾರದ ಅಂಕಿಗಳನ್ನೇ ತೋರಿಸುತ್ತಿದ್ದೆ. ‘ಲೆಕ್ಕ ಸರಿಯಿರಬಹುದು, ನನಗೆ ಮಾತ್ರ ಹಾಗನ್ನಿಸುವುದಿಲ್ಲ’ ಎನ್ನುತ್ತಿದ್ದರು. ಚೆನ್ನಾಗಿ ಓದಿಕೊಂಡವರೂ ಹೀಗೇಕೆ? 2028ರ ಹೊತ್ತಿಗೆ ಇವರ ಜೊತೆ ಮಾತಾಡಿ ಏನಾದರೂ ಪ್ರಯೋಜನವಿದೆಯೇ?

ಉತ್ತರ: ಅವರು ಹೇಳಿದ ಮಾತಿನ ಮೊದಲ ಅರ್ಧವನ್ನು ಇನ್ನೊಮ್ಮೆ ಗಮನಿಸಿ. ‘ಲೆಕ್ಕ ಸರಿಯಿರಬಹುದು’ ಎಂದು ಒಪ್ಪಿಕೊಂಡಿದ್ದಾರೆ. ನಿಮ್ಮ ಅಂಕಿ ಯಾವ ಪ್ರಶ್ನೆಗೆ ಉತ್ತರವಾಗಿತ್ತೋ ಆ ಪ್ರಶ್ನೆ ಅವರ ಮನಸ್ಸಿನಲ್ಲಿ ಇರಲೇ ಇಲ್ಲ. ಅಮೆರಿಕದ ಮತದಾರರ ಬಗ್ಗೆ ಆರೇಳು ದಶಕಗಳಿಂದ ನಡೆದಿರುವ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ನಿಜವನ್ನು ನಂಬದವರಿಗಿಂತ, ನಂಬಿಯೂ ಅದನ್ನು ತಮ್ಮ ಮತಕ್ಕೆ ತಳಕು ಹಾಕದವರೇ ಹೆಚ್ಚು.

ಮೊದಲು ನಿಮ್ಮ ಹಣದುಬ್ಬರದ ಲೆಕ್ಕವನ್ನೇ ತೆಗೆದುಕೊಳ್ಳೋಣ. 2022ರ ಜೂನ್‌ನಲ್ಲಿ ಶೇ 9.1 ಇದ್ದ ಗ್ರಾಹಕ ಬೆಲೆಗಳ ವಾರ್ಷಿಕ ಏರಿಕೆ 2024ರ ಅಕ್ಟೋಬರ್‌ಗೆ ಶೇ 2.6ಕ್ಕೆ ಇಳಿದಿತ್ತು. ನಿರುದ್ಯೋಗ ಶೇ 4.1. ಎರಡೂ ಸತ್ಯ. ಆದರೆ ಏರಿಕೆಯ ವೇಗ ತಗ್ಗಿತೆಂದರೆ ಬೆಲೆ ಹಿಂದಕ್ಕೆ ಬಂತೆಂದಲ್ಲ. 2021ರ ಜನವರಿಯಲ್ಲಿ 100 ಡಾಲರ್‌ಗೆ ಬರುತ್ತಿದ್ದ ಸಾಮಾನಿಗೆ 2024ರ ಅಕ್ಟೋಬರ್‌ನಲ್ಲಿ ಸುಮಾರು 120 ಡಾಲರ್ ಕೊಡಬೇಕಿತ್ತು. ನೀವು ವೇಗ ಹೇಳುತ್ತಿದ್ದಿರಿ, ಅವರು ಬಿಲ್ಲಿನ ಮೊತ್ತ ನೋಡುತ್ತಿದ್ದರು.

ಇನ್ನೂ ಒಂದಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಗೃಹಸಾಲದ ಬಡ್ಡಿ ಆ ಗ್ರಾಹಕ ಬೆಲೆ ಸೂಚ್ಯಂಕದ ಒಳಗೇ ಬರುವುದಿಲ್ಲ. 1983ರಿಂದ ಅಲ್ಲಿ ಸ್ವಂತ ಮನೆಯ ಖರ್ಚನ್ನು ‘ಇದೇ ಮನೆಯನ್ನು ಬಾಡಿಗೆಗೆ ಹಿಡಿದಿದ್ದರೆ ಎಷ್ಟಾಗುತ್ತಿತ್ತು’ ಎಂಬ ಅಂದಾಜಿನಲ್ಲಿ ಲೆಕ್ಕ ಹಾಕುತ್ತಾರೆ. 2021ರ ಜನವರಿಯಲ್ಲಿ 30 ವರ್ಷದ ಸ್ಥಿರ ಬಡ್ಡಿಯ ಸಾಲ ಶೇ 3ಕ್ಕಿಂತ ಕಡಿಮೆಗೆ ಸಿಗುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಅದು ಶೇ 8ರ ಹತ್ತಿರ ಹೋಗಿ, ಚುನಾವಣೆಯ ಹೊತ್ತಿಗೂ ಶೇ 6.7ರ ಆಸುಪಾಸಿನಲ್ಲೇ ಇತ್ತು. 3 ಲಕ್ಷ ಡಾಲರ್ ಸಾಲಕ್ಕೆ ಶೇ 3ರಲ್ಲಿ ತಿಂಗಳ ಕಂತು ಸುಮಾರು 1,265 ಡಾಲರ್. ಶೇ 7ರಲ್ಲಿ 1,996. ಮನೆ ಕೊಳ್ಳಲು ಹೊರಟ ದಂಪತಿಗೆ ‘ಹಣದುಬ್ಬರ ಶೇ 2.6’ ಎಂದರೆ ಅವರ ತಲೆಯ ಮೇಲಿರುವ 700 ಡಾಲರ್ ವ್ಯತ್ಯಾಸ ಆ ಅಂಕಿಯಲ್ಲಿ ಎಲ್ಲೂ ಇಲ್ಲ. ಈ ವಿಷಯದಲ್ಲಿ ಅವರ ಅನಿಸಿಕೆ ನಿಮ್ಮ ಅಂಕಿಗಿಂತ ಹೆಚ್ಚನ್ನು ಅಳೆದಿತ್ತು.

ಸಂಬಳವೂ ಬಹುಪಾಲು ಬೆಲೆಯ ಹಿಂದೆಯೇ ಏರಿತ್ತಲ್ಲ ಎಂದು ನೀವು ಕೇಳಬಹುದು. ಹೌದು. ಆದರೆ ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞೆ ಸ್ಟೆಫನಿ ಸ್ಟಾಂಚೆವಾ 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಕಂಡಂತೆ, ಸಂಬಳ ಹೆಚ್ಚಾದರೆ ಜನ ಅದನ್ನು ತಮ್ಮ ದುಡಿಮೆಯ ಫಲ ಎಂದುಕೊಳ್ಳುತ್ತಾರೆ, ಬೆಲೆಯೇರಿಕೆಗೆ ಸಿಕ್ಕ ಪರಿಹಾರ ಎಂದಲ್ಲ. ಬೆಲೆ ಹೆಚ್ಚಾದರೆ ಮಾತ್ರ ಬೆರಳು ಸರ್ಕಾರದ ಕಡೆ ತಿರುಗುತ್ತದೆ. ಬಂದದ್ದು ನನ್ನ ಖಾತೆಗೆ, ಹೋದದ್ದು ಸರ್ಕಾರದ ಖಾತೆಗೆ.

ಇನ್ನು ನಿಮ್ಮ ‘ಹೀಗೇಕೆ’ಗೆ ಬರುತ್ತೇನೆ. ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1957ರಲ್ಲೇ ಒಂದು ಸರಳ ಲೆಕ್ಕ ಕೊಟ್ಟಿದ್ದರು. ಅಭ್ಯರ್ಥಿಗಳ ತೆರಿಗೆ ಯೋಜನೆ, ವಿದೇಶಾಂಗ ನೀತಿಗಳನ್ನೆಲ್ಲ ಓದಿ ಅರಗಿಸಿಕೊಳ್ಳಲು ಹತ್ತಾರು ಗಂಟೆ ಬೇಕು. ಅಷ್ಟು ಓದಿ ಹಾಕಿದ ಒಂದು ಮತದಿಂದ ಫಲಿತಾಂಶ ಬದಲಾಗುವ ಸಂಭವ ನಗಣ್ಯ. 2008ರ ಅಧ್ಯಕ್ಷೀಯ ಚುನಾವಣೆಗೆ ಸಂಖ್ಯಾಶಾಸ್ತ್ರಜ್ಞ ಆಂಡ್ರ್ಯೂ ಗೆಲ್ಮನ್ ಮತ್ತು ಸಂಗಡಿಗರು ಹಾಕಿದ ಲೆಕ್ಕದಲ್ಲಿ ಅದು ದೇಶದ ಸರಾಸರಿಗೆ 6 ಕೋಟಿಯಲ್ಲಿ ಒಂದು. ಹಾಗಾಗಿ ಓದದೇ ಇರುವುದು ಸೋಮಾರಿತನವೇ ಆಗಬೇಕಿಲ್ಲ. ಮಗುವನ್ನು ಶಾಲೆಗೆ ಬಿಟ್ಟು, ಪಾಳಿಯ ಕೆಲಸ ಮುಗಿಸಿ ಬಂದವರು ಆ ಹೊತ್ತನ್ನು ಬೇರೆಡೆ ಖರ್ಚು ಮಾಡುತ್ತಾರೆ, ಅದು ತಪ್ಪಲ್ಲ.

ಆದರೂ ಮತ ಹಾಕಬೇಕು. ಆಗ ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುವ ಉಪಾಯ ಕೆಲಸಕ್ಕೆ ಬರುತ್ತದೆ. ಇದಕ್ಕೆ ಹೆಸರಾದ ಉದಾಹರಣೆ 1976ರದ್ದು. ರಿಪಬ್ಲಿಕನ್ ಪ್ರೈಮರಿಯ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯ) ಪ್ರಚಾರಕ್ಕೆಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಏಪ್ರಿಲ್‌ನಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊಗೆ ಹೋಗಿದ್ದರು. ಅಲ್ಲಿ ಕೊಟ್ಟ ತಮಾಲೆ ಎಂಬ ಮೆಕ್ಸಿಕನ್ ತಿನಿಸನ್ನು ಅದರ ಹೊರಗಿನ ಜೋಳದ ಸಿಪ್ಪೆ ಬಿಚ್ಚದೆ ಹಾಗೆಯೇ ಕಚ್ಚಿದರು. ನಮ್ಮಲ್ಲಿ ಯಾರಾದರೂ ಕೊಟ್ಟೆ ಕಡುಬನ್ನು ಎಲೆಸಮೇತ ಬಾಯಿಗಿಟ್ಟರೆ ಹೇಗಿರುತ್ತದೋ ಹಾಗೆ. ಮೆಕ್ಸಿಕನ್ ಮೂಲದ ಮತದಾರನಿಗೆ ಆ ಒಂದು ನೋಟ ಸಾಕಿತ್ತು: ನಮ್ಮ ಮನೆಗಳಲ್ಲಿ ಈತ ಎಂದೂ ಊಟ ಮಾಡಿದವನಲ್ಲ, ನಮ್ಮ ಕಷ್ಟ ಈತನಿಗೆ ಹೇಗೆ ಗೊತ್ತಾದೀತು? ಮೇ 1ರ ಟೆಕ್ಸಸ್ ಪ್ರೈಮರಿಯನ್ನು ಅವರ ಎದುರಾಳಿ ರೊನಾಲ್ಡ್ ರೇಗನ್ ಗೆದ್ದರು. ತಮಾಲೆಯಿಂದಲೇ ಫೋರ್ಡ್ ಸೋತರು ಎಂದು ಹೇಳುವವರನ್ನು ನಂಬಬೇಡಿ, ಕಾರಣಗಳು ಬೇರೆಯೂ ಇದ್ದವು. ಆದರೆ ಮತದಾರ ಹೇಗೆ ಊಹಿಸುತ್ತಾನೆ ಎಂಬುದಕ್ಕೆ ಅದು ಒಳ್ಳೆಯ ಕಿಂಡಿ. ಈ ಪ್ರಸಂಗವನ್ನು ವಿಶ್ಲೇಷಿಸಿದ ರಾಜಕೀಯ ಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಪ್ಕಿನ್ ಅವರ ವಾದ, ಇಂಥ ಊಹೆಯಲ್ಲೂ ತರ್ಕವಿದೆ ಎಂಬುದು. ನಾನೂ ಒಪ್ಪುತ್ತೇನೆ. ಇನ್ನಿಬ್ಬರು, ರಿಚರ್ಡ್ ಲಾವ್ ಮತ್ತು ಡೇವಿಡ್ ರೆಡ್ಲಾಸ್ಕ್, 1972ರಿಂದ 1988ರವರೆಗಿನ ಅಧ್ಯಕ್ಷೀಯ ಚುನಾವಣೆಗಳನ್ನು ಪರಿಶೀಲಿಸಿ, ಪೂರ್ತಿ ಮಾಹಿತಿಯಿದ್ದರೆ ಯಾರಿಗೆ ಹಾಕುತ್ತಿದ್ದರೋ ಅವರಿಗೇ ಸುಮಾರು ಶೇ 75 ಮತದಾರರು ಮತ ಹಾಕಿದ್ದರು ಎಂದು ಅಂದಾಜಿಸಿದರು. ಉಳಿದ ಕಾಲುಭಾಗ ಸಣ್ಣದಲ್ಲ. ಪೆನ್ಸಿಲ್ವೇನಿಯಾದಲ್ಲಿ ಗೆಲುವಿನ ಅಂತರ 2016ರಲ್ಲಿ ಸುಮಾರು 44 ಸಾವಿರ, 2020ರಲ್ಲಿ 80 ಸಾವಿರ, 2024ರಲ್ಲಿ 1.2 ಲಕ್ಷ ಮತ ಅಷ್ಟೆ.

ಒಂದು ಅಗುಳಿನ ಪರೀಕ್ಷೆ ಕೈಕೊಡುವುದು ಎಲ್ಲಿ? ಮೊದಲನೆಯದು ಮುಖ. ಪ್ರಿನ್ಸ್‌ಟನ್‌ನ ಅಲೆಕ್ಸಾಂಡರ್ ಟೊಡೊರೊವ್ 2005ರಲ್ಲಿ ಸೆನೆಟ್ ಸ್ಪರ್ಧಿಗಳ ಜೋಡಿ ಚಿತ್ರಗಳನ್ನು ಅವರ ಪರಿಚಯವೇ ಇಲ್ಲದವರಿಗೆ ತೋರಿಸಿ ‘ಇವರಲ್ಲಿ ಯಾರು ಸಮರ್ಥರಂತೆ ಕಾಣುತ್ತಾರೆ’ ಎಂದು ಕೇಳಿದರು. ಸುಮಾರು ಶೇ 70 ಸ್ಪರ್ಧೆಗಳಲ್ಲಿ ಆ ಮುಖದವರೇ ಗೆದ್ದಿದ್ದರು. ಒಂದು ಸೆಕೆಂಡು ತೋರಿಸಿದರೂ ಊಹೆ ಹೆಚ್ಚು ಕೆಡಲಿಲ್ಲ. ಆಮೇಲಿನ ಅಧ್ಯಯನದಲ್ಲಿ ತಿಳಿದದ್ದೆಂದರೆ, ರಾಜಕೀಯದ ಬಗ್ಗೆ ಕಡಿಮೆ ತಿಳಿದು ಟಿವಿ ಹೆಚ್ಚು ನೋಡುವವರ ಮೇಲೆ ಮುಖದ ಪ್ರಭಾವ ಹೆಚ್ಚು.

ಇದೇ ಸಂದರ್ಭದಲ್ಲಿ ಒಂದು ತಪ್ಪನ್ನು ತಿದ್ದಬೇಕು. 1960ರ ಸೆಪ್ಟೆಂಬರ್ 26ರ ಕೆನಡಿ–ನಿಕ್ಸನ್ ಚರ್ಚೆಯನ್ನು ರೇಡಿಯೊದಲ್ಲಿ ಕೇಳಿದವರಿಗೆ ನಿಕ್ಸನ್, ಟಿವಿಯಲ್ಲಿ ನೋಡಿದವರಿಗೆ ಕೆನಡಿ ಗೆದ್ದಂತೆ ಕಂಡರು ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದಕ್ಕಿರುವ ಆಧಾರ ಮುಖ್ಯವಾಗಿ ಒಂದು ಮಾರುಕಟ್ಟೆ ಸಮೀಕ್ಷೆ, ಅದರಲ್ಲಿ ರೇಡಿಯೊ ಕೇಳಿದವರು 300 ಜನವೂ ಇರಲಿಲ್ಲ. ರೇಡಿಯೊ ಕೇಳಿದವರು ಮೊದಲೇ ನಿಕ್ಸನ್ ಕಡೆಯವರಾಗಿದ್ದಿರಬಹುದು. ಜೇಮ್ಸ್ ಡ್ರಕ್ಮನ್ ಈ ಪ್ರಯೋಗವನ್ನು 2003ರಲ್ಲಿ ಸರಿಯಾಗಿ ಮಾಡಿದರು. ಆ ಹಳೆಯ ಚರ್ಚೆಯ ಬಗ್ಗೆ ಗೊತ್ತಿಲ್ಲದವರನ್ನು ಎರಡು ಗುಂಪು ಮಾಡಿ ಒಂದಕ್ಕೆ ಧ್ವನಿ ಮಾತ್ರ, ಇನ್ನೊಂದಕ್ಕೆ ದೃಶ್ಯವನ್ನೂ ಕೊಟ್ಟರು. ನೋಡಿದವರು ಕೆನಡಿಗೆ ಹೆಚ್ಚು ಒಲಿದರು, ವ್ಯಕ್ತಿತ್ವವನ್ನು ಹೆಚ್ಚು ತೂಗಿದರು. ಅಂತೂ ದೃಶ್ಯದ ಪ್ರಭಾವ ನಿಜ. ಅದಕ್ಕೆ ಕೊಡುವ ಜನಪ್ರಿಯ ಸಾಕ್ಷ್ಯ ಮಾತ್ರ ಸಡಿಲ.

ಎರಡನೆಯದು ಕಾಲದ ಅಳತೆ. ನಾಲ್ಕು ವರ್ಷದ ಆಡಳಿತವನ್ನು ಅಳೆಯಬೇಕೆಂದೇ ಮತದಾರರು ಬಯಸುತ್ತಾರೆ, ಆದರೆ ಅಳೆಯುವುದು ಕೊನೆಯ ವರ್ಷವನ್ನು. ಆಂಡ್ರ್ಯೂ ಹೀಲಿ ಮತ್ತು ಗೇಬ್ರಿಯಲ್ ಲೆನ್ಸ್ 2014ರಲ್ಲಿ ತೋರಿಸಿದಂತೆ, ಇಡೀ ಅವಧಿಯ ಒಟ್ಟು ಮೊತ್ತವನ್ನು ಎದುರಿಗಿಟ್ಟರೆ ಈ ತಪ್ಪು ಬಹಳ ಕಡಿಮೆಯಾಗುತ್ತದೆ. ನೆನಪಿನ ಗುಣವೇ ಹಾಗೆ, ತಾಜಾ ಇರುವುದು ಮೊದಲು ಕೈಗೆ ಸಿಗುತ್ತದೆ.

ಮೂರನೆಯದು ಪಕ್ಷ. ಉಳಿದೆಲ್ಲವನ್ನೂ ನುಂಗುವಷ್ಟು ದೊಡ್ಡದು ಇದು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವಲ್ಲ, ಪಕ್ಷವನ್ನು ಅಪ್ಪಿಕೊಂಡವರ ಕಣ್ಣೂ ಹಾಗೆಯೇ. ಯೇಲ್‌ನ ಡ್ಯಾನ್ ಕಹಾನ್ ಮತ್ತು ಸಂಗಡಿಗರು 2013ರಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಒಂದು ಕೋಷ್ಟಕ ಕೊಟ್ಟರು. ಚರ್ಮದ ದದ್ದಿಗೆ ಹೊಸ ಕ್ರೀಮ್ ಹಚ್ಚಿಕೊಂಡವರಲ್ಲಿ 223 ಮಂದಿಗೆ ಗುಣವಾಯಿತು, 75 ಮಂದಿಗೆ ಹೆಚ್ಚಾಯಿತು. ಹಚ್ಚಿಕೊಳ್ಳದವರಲ್ಲಿ 107 ಮಂದಿಗೆ ಗುಣ, 21 ಮಂದಿಗೆ ಹೆಚ್ಚು. ಕ್ರೀಮ್ ಕೆಲಸ ಮಾಡಿತೇ? 223 ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ‘ಹೌದು’ ಎನ್ನಬೇಕೆನಿಸುತ್ತದೆ. ಭಾಗಿಸಿ ನೋಡಿದರೆ ಹಚ್ಚಿಕೊಂಡವರಲ್ಲಿ ಗುಣವಾದವರು ಶೇ 75, ಹಚ್ಚಿಕೊಳ್ಳದವರಲ್ಲಿ ಶೇ 84. ಕ್ರೀಮ್ ಹಾನಿಯನ್ನೇ ಮಾಡಿದೆ. ಲೆಕ್ಕದಲ್ಲಿ ಚುರುಕಾದವರು ಇದನ್ನು ಹಿಡಿದರು. ಆಮೇಲೆ ಅದೇ ಅಂಕಿಗಳಿಗೆ ‘ಬಂದೂಕು ಬಚ್ಚಿಟ್ಟುಕೊಂಡು ಓಡಾಡುವುದನ್ನು ನಿಷೇಧಿಸಿದ ನಗರಗಳು, ನಿಷೇಧಿಸದ ನಗರಗಳು, ಅಪರಾಧ ಇಳಿಯಿತು, ಏರಿತು’ ಎಂಬ ಹೆಸರು ಕೊಟ್ಟಾಗ, ತಮ್ಮ ಪಕ್ಷದ ನಿಲುವಿಗೆ ಮೊದಲ ನೋಟವೇ ಹೊಂದಿದರೆ ಚುರುಕಾದವರೂ ಭಾಗಾಕಾರ ಮಾಡುವ ಗೋಜಿಗೆ ಹೋಗಲಿಲ್ಲ; ಹೊಂದದಿದ್ದರೆ ಮಾತ್ರ ಪೆನ್ನು ಹಿಡಿದರು. ಹಾಗಾಗಿ ಎರಡು ಪಕ್ಷದವರ ನಡುವಿನ ಅಂತರ ಲೆಕ್ಕ ಬಲ್ಲವರಲ್ಲೇ ಹೆಚ್ಚಾಯಿತು. ನಿಮ್ಮ ‘ಓದಿಕೊಂಡವರೂ ಹೀಗೇಕೆ’ಗೆ ನೇರ ಉತ್ತರ ಇಲ್ಲಿದೆ. ಮತ್ತೆ ಮಾಡಿ ನೋಡಿದ ಎಲ್ಲರಿಗೂ ಅಷ್ಟೇ ಬಲವಾದ ಫಲಿತಾಂಶ ಸಿಕ್ಕಿಲ್ಲ ಎಂಬುದನ್ನೂ ಹೇಳಬೇಕು, ಆದರೆ ಓದು ಪಕ್ಷಪಾತಕ್ಕೆ ಮದ್ದಲ್ಲ ಎಂಬುದಕ್ಕೆ ಬೇರೆ ಪುರಾವೆಗಳೂ ಇವೆ.

ಅನಿಸಿಕೆಯೇ ಪಕ್ಷದ ಬಣ್ಣ ಪಡೆಯುವುದನ್ನು 2016ರ ನವೆಂಬರ್‌ನಲ್ಲಿ ಗ್ಯಾಲಪ್ ಸಮೀಕ್ಷೆ ಹಿಡಿದಿತ್ತು. ಚುನಾವಣೆಯ ಹಿಂದಿನ ವಾರ ‘ಆರ್ಥಿಕತೆ ಸುಧಾರಿಸುತ್ತಿದೆ’ ಎಂದ ರಿಪಬ್ಲಿಕನ್ನರು ಶೇ 16. ಟ್ರಂಪ್ ಗೆದ್ದ ಮೇಲೆ ಶೇ 49. ಡೆಮಾಕ್ರಟರಲ್ಲಿ ಶೇ 61 ಇದ್ದದ್ದು ಶೇ 46ಕ್ಕೆ ಇಳಿಯಿತು. ಆ ಕೆಲವೇ ದಿನಗಳಲ್ಲಿ ಯಾರ ಸಂಬಳವೂ ಬದಲಾಗಿರಲಿಲ್ಲ, ಅಧಿಕಾರ ಹಸ್ತಾಂತರಕ್ಕೆ ಇನ್ನೂ ಎರಡು ತಿಂಗಳಿತ್ತು. ಆದ್ದರಿಂದ ‘ನನಗನ್ನಿಸುವುದಿಲ್ಲ’ ಎಂಬ ಮಾತು ಕೆಲವೊಮ್ಮೆ ಕಂತಿನ ಭಾರ, ಕೆಲವೊಮ್ಮೆ ಪಕ್ಷದ ಬಾವುಟ. ಇವೆರಡನ್ನು ಬೇರ್ಪಡಿಸದೆ ಮಾತು ಶುರು ಮಾಡಿದರೆ ಶ್ರಮ ವ್ಯರ್ಥ.

ಬೇರ್ಪಡಿಸುವುದು ಕಷ್ಟವೂ ಅಲ್ಲ. ಬಾವುಟ ಹಿಡಿದವರು ಬಾಯಲ್ಲಿ ಹೇಳುವುದಕ್ಕೂ ಮನಸ್ಸಿನಲ್ಲಿ ನಂಬುವುದಕ್ಕೂ ಎಷ್ಟೋ ಸಲ ಅಂತರವಿರುತ್ತದೆ. 2017ರಲ್ಲಿ ಒಬಾಮ (2009) ಮತ್ತು ಟ್ರಂಪ್ ಪದಗ್ರಹಣದ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ‘ಯಾವುದರಲ್ಲಿ ಹೆಚ್ಚು ಜನ’ ಎಂದು ಕೇಳಿದಾಗ ಟ್ರಂಪ್ ಮತದಾರರಲ್ಲಿ ಶೇ 15 ಮಂದಿ ಕಣ್ಣೆದುರಿಗೇ ಕಡಿಮೆ ಜನರಿದ್ದ ಚಿತ್ರವನ್ನು ತೋರಿಸಿದರು. ಅದು ಕುರುಡಲ್ಲ, ‘ನಾನು ಈ ಕಡೆಯವನು’ ಎಂಬ ಘೋಷಣೆ. ಇನ್ನೊಂದು ಪ್ರಯೋಗದಲ್ಲಿ ಸರಿಯುತ್ತರಕ್ಕೆ ಸಣ್ಣ ಮೊತ್ತ ಕೊಡುತ್ತೇವೆಂದಾಗ ಎರಡೂ ಪಕ್ಷದವರ ಉತ್ತರಗಳ ನಡುವಿನ ಅಂತರ ಅರ್ಧಕ್ಕಿಂತ ಹೆಚ್ಚು ತಗ್ಗಿತು.

ಹಾಗಾದರೆ ಸುಳ್ಳನ್ನು ತಿದ್ದಿದರೆ? ತಿದ್ದಿದರೆ ಜನ ಇನ್ನೂ ಗಟ್ಟಿಯಾಗಿ ಸುಳ್ಳಿಗೇ ಅಂಟಿಕೊಳ್ಳುತ್ತಾರೆ ಎಂದು 2010ರ ಒಂದು ಅಧ್ಯಯನದ ನಂತರ ಬಹಳ ಪ್ರಚಾರವಾಯಿತು. ಆಮೇಲೆ ಸಾವಿರಾರು ಜನರ ಮೇಲೆ ಹತ್ತಾರು ವಿಷಯಗಳಲ್ಲಿ ಪರೀಕ್ಷಿಸಿದಾಗ ಅದು ಬಹುತೇಕ ಕಾಣಲಿಲ್ಲ. 2016ರ ರಿಪಬ್ಲಿಕನ್ ಸಮಾವೇಶದಲ್ಲಿ ಅಪರಾಧ ಏರುತ್ತಿದೆ ಎಂದು ಟ್ರಂಪ್ ಹೇಳಿದ್ದರ ಎದುರಿಗೆ ಎಫ್‌ಬಿಐ ಅಂಕಿಗಳನ್ನು ಇಟ್ಟಾಗ ಅವರ ಬೆಂಬಲಿಗರೂ ತಮ್ಮ ತಿಳಿವಳಿಕೆಯನ್ನು ನಿಜದ ಕಡೆಗೆ ತಿದ್ದಿಕೊಂಡರು. ಟ್ರಂಪ್ ಬಗೆಗಿನ ಅಭಿಪ್ರಾಯ ಮಾತ್ರ ಕದಲಲಿಲ್ಲ. ತಿದ್ದಿದ್ದು ತಲೆಗೆ ಹೋಗುತ್ತದೆ, ಮತಪೆಟ್ಟಿಗೆಯವರೆಗೆ ಹೋಗುವುದಿಲ್ಲ.

ಪ್ರಚಾರ ನಡೆಸುವವರಿಗೆ ಇದು ಬಹಳ ಹಿಂದೆಯೇ ಗೊತ್ತು. 1964ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಪ್ರಚಾರದ ಘೋಷಣೆಯೇ ‘ನಿಮ್ಮ ಹೃದಯಕ್ಕೆ ಗೊತ್ತು, ಅವರು ಹೇಳುವುದು ಸರಿ’ ಎಂದಿತ್ತು. ಎದುರಾಳಿಗಳೂ ಅಂಕಿಅಂಶದಿಂದ ಉತ್ತರಿಸಲಿಲ್ಲ; ‘ನಿಮ್ಮ ಒಳಗರುಳಿಗೆ ಗೊತ್ತು, ಅವರಿಗೆ ಬುದ್ಧಿ ಕೆಟ್ಟಿದೆ’ ಎಂದರು. ಸೆಪ್ಟೆಂಬರ್ 7ರಂದು ಒಂದೇ ಸಲ ಹಣ ಕೊಟ್ಟು ಪ್ರಸಾರ ಮಾಡಿದ, ಎದುರಾಳಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಜಾಹೀರಾತಿನಲ್ಲಿ ಪುಟ್ಟ ಹುಡುಗಿ ಹೂವಿನ ಎಸಳು ಎಣಿಸುತ್ತಾಳೆ, ಎಣಿಕೆ ತಿರುವಾಗುತ್ತದೆ, ಅಣುಬಾಂಬು ಸಿಡಿಯುತ್ತದೆ. ಗೋಲ್ಡ್‌ವಾಟರ್ ಹೆಸರೂ ಅದರಲ್ಲಿಲ್ಲ. ಜಾನ್ಸನ್ 486, ಗೋಲ್ಡ್‌ವಾಟರ್ 52 ಎಲೆಕ್ಟೋರಲ್ ಮತ. 1980ರ ಅಕ್ಟೋಬರ್ 28ರ ಚರ್ಚೆಯಲ್ಲಿ ರೇಗನ್ ಕೇಳಿದ್ದೂ ಅದೇ ಜಾತಿಯ ಪ್ರಶ್ನೆ: ನಾಲ್ಕು ವರ್ಷದ ಹಿಂದಿಗಿಂತ ನೀವು ಈಗ ಚೆನ್ನಾಗಿದ್ದೀರಾ? ಅದಕ್ಕೆ ಉತ್ತರ ಹುಡುಕಲು ಯಾರೂ ಪತ್ರಿಕೆ ತೆರೆಯಬೇಕಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ, ಮಾತಾಡುವುದು ಹೇಗೆ.

ಅಂಕಿ ತೆಗೆಯುವ ಮೊದಲು ‘ಯಾವುದನ್ನು ನೋಡಿ ನಿಮಗೆ ಹಾಗನ್ನಿಸಿತು’ ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಮೊಟ್ಟೆಯ ಬೆಲೆ, ಮಗಳ ಮನೆ ಬಾಡಿಗೆ, ಕಾರಿನ ವಿಮೆ ಎಂದು ಗುರುತಿಸಬಹುದಾದ ವಸ್ತು ಬಂದರೆ ಅದು ಅನುಭವ. ‘ಎಲ್ಲಾ ಹಾಳಾಗಿದೆ’ ಎಂದಷ್ಟೇ ಬಂದರೆ ಬಹುಶಃ ಬಾವುಟ. ಅನುಭವವಾದರೆ ಅದರಲ್ಲಿ ನಿಜವಿರುವಷ್ಟನ್ನು ಮೊದಲು ಒಪ್ಪಿ, ಆಮೇಲೆ ಅವರದೇ ಅಳತೆಯಲ್ಲಿ ಒಂದೇ ಒಂದು ಅಂಕಿ ಕೊಡಿ. ಶೇಕಡಾವಾರು ಬೇಡ, ತಿಂಗಳಿಗೆ ಎಷ್ಟು ಡಾಲರ್ ಎಂದು ಹೇಳಿ. ನಾಲ್ಕೈದು ಅಂಕಿ ಒಟ್ಟಿಗೆ ಸುರಿದರೆ ಎದುರಿನವರು ಅವುಗಳಲ್ಲಿ ದುರ್ಬಲವಾದದ್ದನ್ನು ಹಿಡಿದು ಉಳಿದವನ್ನೂ ತಳ್ಳಿಹಾಕುತ್ತಾರೆ.

ಬಾವುಟವಾದರೆ ‘ಏಕೆ ಬೆಂಬಲಿಸುತ್ತೀರಿ’ ಎಂದು ಕೇಳಲೇಬೇಡಿ, ಕಾರಣ ಕೇಳಿದರೆ ನಿಲುವು ಕದಲುವುದಿಲ್ಲ. ‘ಅದು ಹೇಗೆ ಕೆಲಸ ಮಾಡುತ್ತದೆ, ಹಂತಹಂತವಾಗಿ ಹೇಳುತ್ತೀರಾ’ ಎಂದು ಕೇಳಿ. ಫಿಲಿಪ್ ಫರ್ನ್‌ಬಾಕ್ ಮತ್ತು ಸಂಗಡಿಗರ 2013ರ ಪ್ರಯೋಗದಲ್ಲಿ ಕಾರಣ ಪಟ್ಟಿ ಮಾಡಿದವರು ಇದ್ದಲ್ಲೇ ಇದ್ದರು. ನೀತಿ ಜಾರಿಯಾಗುವ ಬಗೆಯನ್ನು ವಿವರಿಸಲು ಹೋದವರು ತಮಗೆ ಅಷ್ಟು ಗೊತ್ತಿಲ್ಲವೆಂದು ತಾವೇ ಕಂಡುಕೊಂಡು ನಿಲುವನ್ನು ಸ್ವಲ್ಪ ಸಡಿಲಿಸಿದರು. ಆಮದು ಸುಂಕದ ಮಾತಾದರೆ, ಬಂದರಿಗೆ ಬಂದ ಪೆಟ್ಟಿಗೆಯ ಸುಂಕವನ್ನು ಕಸ್ಟಮ್ಸ್‌ಗೆ ಕಟ್ಟುವವರು ಯಾರು? ಸರಕು ತರಿಸಿಕೊಂಡ ಅಮೆರಿಕದ ಕಂಪನಿ. ಆಮೇಲೆ ಆ ಹಣ ಎಲ್ಲಿಂದ ಬರುತ್ತದೆ? 2024ರಲ್ಲಿ ಹ್ಯಾರಿಸ್ ಹೇಳಿದ, ದಿನಸಿಗೆ ವಿಪರೀತ ಬೆಲೆ ಹಾಕುವುದರ ನಿಷೇಧದ ಮಾತಾದರೆ, ಯಾವ ಬೆಲೆ ವಿಪರೀತ ಎಂದು ಯಾರು, ಯಾವ ಲೆಕ್ಕದಲ್ಲಿ ತೀರ್ಮಾನಿಸುತ್ತಾರೆ? ಎರಡೂ ಕಡೆಯ ಪ್ರಶ್ನೆ ನಿಮ್ಮ ಬಳಿಯಿರಲಿ, ನಿಮಗೂ ಅವನ್ನು ಕೇಳಿಕೊಳ್ಳಿ. ಕೇಳುವ ದನಿ ಮಾತ್ರ ಪಾಟೀಸವಾಲಿನಂತೆ ಇರಬಾರದು.

ಸುಳ್ಳನ್ನು ತಿದ್ದುವಾಗ ಮೊದಲ ವಾಕ್ಯ ನಿಜದ್ದಾಗಿರಲಿ. ಮತ್ತೆ ಮತ್ತೆ ಕೇಳಿದ ಮಾತು ನಿಜವೆನ್ನಿಸತೊಡಗುತ್ತದೆ ಎಂಬುದು 1977ರಿಂದ ಹಲವು ಸಲ ದೃಢಪಟ್ಟ ಸಂಗತಿ, ನಿರಾಕರಿಸುವ ನೆಪದಲ್ಲಿ ನೀವೇ ಸುಳ್ಳಿಗೆ ಇನ್ನೊಂದು ಸುತ್ತು ಕೊಡಬೇಡಿ. ಯಾರ ಬಾಯಿಂದ ಬಂತು ಎಂಬುದೂ ಮುಖ್ಯ. ಒಬಾಮ ಆರೋಗ್ಯ ಕಾಯ್ದೆಯ ಕಾಲದಲ್ಲಿ, ವೃದ್ಧರು ಬದುಕಬೇಕೇ ಬೇಡವೇ ಎಂದು ಸರ್ಕಾರಿ ಮಂಡಳಿಗಳು ತೀರ್ಮಾನಿಸುತ್ತವೆ ಎಂಬ ವದಂತಿ ಹಬ್ಬಿತ್ತು. ಎಂಐಟಿಯ ಆಡಮ್ ಬೆರಿನ್‌ಸ್ಕಿ ಪರೀಕ್ಷಿಸಿದಾಗ, ಅದು ಸುಳ್ಳೆಂದು ರಿಪಬ್ಲಿಕನ್ ನಾಯಕರೊಬ್ಬರು ಹೇಳಿದ್ದೇ ಎಲ್ಲಕ್ಕಿಂತ ಹೆಚ್ಚು ನಾಟಿತು.

ಎಷ್ಟು ನಿರೀಕ್ಷಿಸಬೇಕು ಎಂಬುದನ್ನೂ ಮುಚ್ಚಿಡದೆ ಹೇಳುತ್ತೇನೆ. ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ 2018ರಲ್ಲಿ 49 ಕ್ಷೇತ್ರ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಮೆರಿಕದ ಸಾರ್ವತ್ರಿಕ ಚುನಾವಣೆಯಲ್ಲಿ ಮನೆ ಬಾಗಿಲು ತಟ್ಟಿ, ಫೋನ್ ಮಾಡಿ, ಪತ್ರ ಕಳಿಸಿ ಮತ ಬದಲಿಸುವ ಪ್ರಯತ್ನದ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರವಿತ್ತು. 2024ರಲ್ಲಿ ಅವರ ಮುಂದೆ ನೀವು ಸೋತದ್ದು ನಿಮ್ಮ ವಾದದ ದೋಷವೇ ಆಗಬೇಕಿಲ್ಲ. ಬ್ಯಾಲೆಟ್ ಮೇಲೆ ಪಕ್ಷದ ಹೆಸರಿದ್ದಾಗ ಉಳಿದ ಮಾಹಿತಿಗೆ ಜಾಗ ಕಡಿಮೆ. ಪ್ರೈಮರಿಯಲ್ಲಿ ಹಾಗಲ್ಲ. ಅಲ್ಲಿ ಎಲ್ಲರೂ ಒಂದೇ ಪಕ್ಷದವರು, ಬಾವುಟ ನೋಡಿ ಆರಿಸುವ ದಾರಿಯಿಲ್ಲ, ಮುಖವೋ ಮಾಹಿತಿಯೋ ಗೆಲ್ಲಬೇಕು. ಮನವೊಲಿಕೆಗೆ ಫಲ ಸಿಕ್ಕ ಪ್ರಯೋಗಗಳಲ್ಲಿ ಪ್ರೈಮರಿಗಳೂ ಇವೆ.

ಹಾಗಾಗಿ 2028ರ ನವೆಂಬರ್‌ಗೆ ಕಾಯದೆ ಅದೇ ವರ್ಷದ ಪ್ರೈಮರಿಯನ್ನೇ ಗುರಿಯಾಗಿಟ್ಟುಕೊಳ್ಳಿ. ಪೆನ್ಸಿಲ್ವೇನಿಯಾದ್ದು ಮುಚ್ಚಿದ ಪ್ರೈಮರಿ. ಆಯಾ ಪಕ್ಷದಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಹಕ್ಕು, ನೋಂದಣಿ ಬದಲಿಸಲು ಮತದಾನಕ್ಕೆ 15 ದಿನ ಮೊದಲೇ ಗಡುವು ಮುಗಿಯುತ್ತದೆ. ನಿಮ್ಮ ಮತದಾರರ ನೋಂದಣಿ ಕಾರ್ಡಿನಲ್ಲಿ ಯಾವ ಪಕ್ಷ ಎಂದಿದೆ, ‘ಯಾವುದೂ ಇಲ್ಲ’ ಎಂದಿದೆಯೇ, ಈಗಲೇ ತೆಗೆದು ನೋಡಿ. ಆಫೀಸಿನಲ್ಲಿ ಮಾತಿಗೆ ಸಿಗುವವರ ಕಾರ್ಡಿನಲ್ಲಿ ಏನಿದೆ ಎಂದೂ ಕೇಳಿ.